ಯಾವ ಲಾಜಿಕ್ ದುರ್ಬಲ? ಪರೀಕ್ಷಿಸುವುದು ಹೀಗೆ

ಲಾಜಿಕ್ ಅಂದರೆ ಇಲ್ಲಿ ತರ್ಕದ ನಿಯಮಗಳ ಒಂದು ಕಟ್ಟು. ಒಂದು ಲಾಜಿಕ್ ಇನ್ನೊಂದಕ್ಕಿಂತ ದುರ್ಬಲ ಅಂದರೆ, ಅದರ ನಿಯಮಗಳಿಂದ ಸಾಧಿಸಬಹುದಾದ (ಪುರಾವೆ ಕೊಡಬಹುದಾದ) ಸೂತ್ರಗಳು ಕಡಿಮೆ, ಅಷ್ಟೇ. ಗಣಿತದಲ್ಲಿ ಎಲ್ಲರೂ ಬಳಸುವುದು ಕ್ಲಾಸಿಕಲ್ ಲಾಜಿಕ್. ಅದರಿಂದ ‘ಪ ಅಥವಾ ಪ-ಅಲ್ಲ’ (ಪ ಅಂದರೆ ಯಾವುದೇ ಹೇಳಿಕೆ) ಎಂಬ ನಿಯಮ ತೆಗೆದರೆ ಗಣಿತಜ್ಞ ಹೇಟಿಂಗ್ 1930ರಲ್ಲಿ ರೂಪ ಕೊಟ್ಟ ಇಂಟ್ಯೂಶನಿಸ್ಟಿಕ್ ಲಾಜಿಕ್ ಸಿಗುತ್ತದೆ. ‘ಅಸಂಗತದಿಂದ (ಅಂದರೆ ತನಗೆ ತಾನೇ ವಿರುದ್ಧವಾದ ಮಾತಿನಿಂದ) ಏನು ಬೇಕಾದರೂ ಹೊರಡುತ್ತದೆ’ ಎಂಬುದನ್ನೂ ಬಿಟ್ಟರೆ ಗಣಿತಜ್ಞ ಯೊಹಾನ್ಸನ್ 1937ರಲ್ಲಿ ಕೊಟ್ಟ ಮಿನಿಮಲ್ ಲಾಜಿಕ್.

ಸೂತ್ರವೊಂದು ಸಿಗುತ್ತದೆ ಎನ್ನಲು ಸಾಧನೆ ಬರೆದರೆ ಸಾಕು. ಸಿಗುವುದೇ ಇಲ್ಲ ಎನ್ನುವುದು ಹೇಗೆ? ನೂರು ಸಲ ಸೋತರೂ ಅದು ಪುರಾವೆ ಆಗಲ್ಲ, ಅಲ್ವಾ? ಅದಕ್ಕೆ ಸೂತ್ರಗಳ ಬೆಲೆ ಲೆಕ್ಕ ಹಾಕುವ ಕೋಷ್ಟಕ ಬೇಕು.

ಮೊದಲು 0, ½, 1 ಎಂಬ ಮೂರು ಬೆಲೆ ಇಟ್ಟುಕೊಳ್ಳಿ. ‘ಅಥವಾ’ಗೆ ದೊಡ್ಡ ಬೆಲೆ, ‘ಮತ್ತು’ಗೆ ಚಿಕ್ಕದು. ‘ಪ ಆದರೆ ಫ’ದಲ್ಲಿ ಪ ಬೆಲೆ ಜಾಸ್ತಿ ಇದ್ದರೆ ಉತ್ತರ ಫ ಬೆಲೆ, ಇಲ್ಲದಿದ್ದರೆ 1. ‘ಪ-ಅಲ್ಲ’ ಅಂದರೆ ‘ಪ ಆದರೆ 0’. ಇಂಟ್ಯೂಶನಿಸ್ಟಿಕ್ ಲಾಜಿಕ್‌ನಲ್ಲಿ ಸಾಧಿಸಿದ್ದಕ್ಕೆಲ್ಲ ಇಲ್ಲಿ ಸದಾ 1 ಬರುತ್ತದೆ.

ಈಗ ಪ ಜಾಗದಲ್ಲಿ ½ ಹಾಕಿ. ಪ-ಅಲ್ಲ 0 ಆಗುತ್ತದೆ. ½, 0 ಎರಡರಲ್ಲಿ ದೊಡ್ಡದು ½. 1 ಬರಲಿಲ್ಲ! ಅಂದರೆ ‘ಪ ಅಥವಾ ಪ-ಅಲ್ಲ’ ಇಂಟ್ಯೂಶನಿಸ್ಟಿಕ್ ಲಾಜಿಕ್‌ನಲ್ಲಿ ಸಿಗುವುದೇ ಇಲ್ಲ. ಒಂದೇ ಸಾಲಿನ ಲೆಕ್ಕ. ನನಗಂತೂ ಇದು ಪ್ರತಿ ಸಲವೂ ಖುಷಿ ಕೊಡುತ್ತದೆ.

ಒಂದು ಎಚ್ಚರಿಕೆ. ಕೋಷ್ಟಕದಲ್ಲಿ ಪಾಸಾದದ್ದೆಲ್ಲ ಸಾಧನೆ ಅಲ್ಲ. ‘ಪ-ಅಲ್ಲ, ಅಥವಾ ಪ-ಅಲ್ಲ ಎಂಬುದು ಅಲ್ಲ’ ಎಂಬ ಸೂತ್ರ ಈ ಮೂರು ಬೆಲೆಗಳಲ್ಲಿ ಎಲ್ಲೂ ಸೋಲದು. ಆದರೂ ಇಂಟ್ಯೂಶನಿಸ್ಟಿಕ್ ಲಾಜಿಕ್‌ನಲ್ಲಿ ಅದಕ್ಕೆ ಸಾಧನೆ ಇಲ್ಲ. ಅದನ್ನು ಸೋಲಿಸಲು ಐದು ಬೆಲೆಗಳ ಕೋಷ್ಟಕ ಬೇಕು.

ಮಿನಿಮಲ್ ಲಾಜಿಕ್‌ಗೆ ಉಪಾಯ ಇನ್ನೂ ಸುಲಭ. ಮಾಮೂಲಿ 0, 1 ಸಾಕು, ‘ಅಸಂಗತ’ಕ್ಕೆ ಮಾತ್ರ 1 ಕೊಡಿ. ಅಸಂಗತದ ಬಗ್ಗೆ ಈ ಲಾಜಿಕ್‌ಗೆ ಯಾವ ವಿಶೇಷ ನಿಯಮವೂ ಇಲ್ಲವಲ್ಲ, ಹಾಗಾಗಿ ಇದು ನಡೆಯುತ್ತದೆ. ಇಲ್ಲಿ ಪ-ಅಲ್ಲ ಅಂದರೆ ‘ಪ ಆದರೆ ಅಸಂಗತ’. ಆಗ ಪ-ಅಲ್ಲ ಯಾವಾಗಲೂ 1, ಆದ್ದರಿಂದ ‘ಪ ಅಥವಾ ಪ-ಅಲ್ಲ’ ಕೂಡ 1. ಆದರೆ ‘ಪ-ಅಲ್ಲ ಎಂಬುದು ಅಲ್ಲ ಆದರೆ ಪ’ ಎಂಬಲ್ಲಿ ಪ 0 ಆದರೆ ಉತ್ತರ 0. ಅಂದರೆ ಮಿನಿಮಲ್ ಲಾಜಿಕ್‌ಗೆ ಮೊದಲನೆಯದನ್ನು ಸೇರಿಸಿದರೂ ಇದು ಸಿಗಲ್ಲ.

ಇಂಟ್ಯೂಶನಿಸ್ಟಿಕ್ ಲಾಜಿಕ್‌ಗೆ ಇವೆರಡರಲ್ಲಿ ಯಾವ ನಿಯಮ ಸೇರಿಸಿದರೂ ಕ್ಲಾಸಿಕಲ್ ಲಾಜಿಕ್ ಬರುತ್ತದೆ. ಮಿನಿಮಲ್‌ಗೆ ಎರಡನೆಯದನ್ನು ಸೇರಿಸಿದರೆ ಮಾತ್ರ ಬರುತ್ತದೆ.