ಗೆಳತಿಯರ ಜೊತೆ ಅಂಡಮಾನ್‌ಗೆ: ಬೆಳಕಿರುವಾಗಲೇ ರೂಮು ಸೇರಿಕೊಳ್ಳಿ

ಡಿಸೆಂಬರ್‌ನಲ್ಲಿ ನಮ್ಮ ಚಿಕ್ಕಬಳ್ಳಾಪುರದಲ್ಲಿ ಸಂಜೆ ಆರರ ಹತ್ತಿರ ಸೂರ್ಯ ಮುಳುಗುತ್ತಾನೆ. ಅಂಡಮಾನ್‌ನಲ್ಲಿ ಐದರ ಹೊತ್ತಿಗೇ ಮುಳುಗಿಬಿಡುತ್ತಾನೆ. ಗಡಿಯಾರ ಒಂದೇ, ಆದರೆ ಆ ದ್ವೀಪಗಳು ನಮಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿವೆ, ಸೂರ್ಯನ ಲೆಕ್ಕದಲ್ಲಿ ಅದು ಪೂರ್ತಿ ಒಂದು ಗಂಟೆ. ಗುಂಪು ಕಟ್ಟಿಕೊಂಡು ಅಲ್ಲಿಗೆ ಹೊರಟವರು ಈ ಒಂದು ಗಂಟೆಯನ್ನು ಮರೆತರೆ ವಿಮಾನ, ದೋಣಿ, ರೂಮು ಎಲ್ಲದರ ಲೆಕ್ಕ ತಪ್ಪುತ್ತದೆ.

ನಾವು ಐದು ಜನ, ಒಂದೇ ಹೈಸ್ಕೂಲಿನಲ್ಲಿ ಓದಿದವರು. ಈಗ ಒಬ್ಬಳು ಶಿಡ್ಲಘಟ್ಟದಲ್ಲಿದ್ದಾಳೆ, ಒಬ್ಬಳು ಗೌರಿಬಿದನೂರಿನಲ್ಲಿ, ಇನ್ನೊಬ್ಬಳು ತಿಪಟೂರಿನ ಸೊಸೆ. ಎರಡು ವರ್ಷ ಚೀಟಿ ಹಾಕಿ ದುಡ್ಡು ಕೂಡಿಸಿದ್ದೆವು. ಮೊದಲ ಸಲ ಹೋದಾಗ ವಿಮಾನ ಇಳಿದ ದಿನವೇ ಮಧ್ಯಾಹ್ನದ ದೋಣಿ ಹಿಡಿದು ಹ್ಯಾವ್‌ಲಾಕ್ ದ್ವೀಪಕ್ಕೆ ಹೋಗುವುದು ಅಂತ ಪ್ಲಾನ್ ಇತ್ತು. ವಿಮಾನ ತಡವಾಯಿತು, ದೋಣಿ ಹೋಗಿಬಿಟ್ಟಿತ್ತು. ವಿಮಾನ ಇಳಿಯುವ ಊರು ಪೋರ್ಟ್ ಬ್ಲೇರ್‌ನಲ್ಲಿ ನಾವು ರೂಮು ಬುಕ್ ಮಾಡಿರಲಿಲ್ಲ. ಐದೂವರೆಗೆಲ್ಲ ಕಗ್ಗತ್ತಲು, ಗೊತ್ತಿಲ್ಲದ ಊರು, ಐದು ಹೆಂಗಸರು ಬ್ಯಾಗು ಎಳೆದುಕೊಂಡು ಒಂದೊಂದೇ ಲಾಡ್ಜ್ ಬಾಗಿಲು ತಟ್ಟಿದೆವು. ಕೊನೆಗೆ ಒಂದು ರೂಮು ಸಿಕ್ಕಿತು, ಆದರೆ ಆವತ್ತಿನ ಹೆದರಿಕೆ ನನಗೆ ಈಗಲೂ ನೆನಪಿದೆ. ಎರಡನೇ ಸಲ ಬೇರೆ ಥರ ಮಾಡಿದೆವು. ಅದನ್ನೇ ಇಲ್ಲಿ ಹೇಳುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದ ಮಾತು: ವಿಮಾನ ಮತ್ತು ದೋಣಿ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಬೇಡಿ. ಬೆಂಗಳೂರಿನಿಂದ ನೇರ ವಿಮಾನಕ್ಕೆ ಸುಮಾರು ಎರಡೂವರೆ ಗಂಟೆ ಸಾಕು, ಬೆಳಿಗ್ಗೆ ಹತ್ತಕ್ಕೆ ಇಳಿದರೆ ಮಧ್ಯಾಹ್ನದ ದೋಣಿ ಆರಾಮಾಗಿ ಸಿಗುತ್ತದೆ ಅಂತ ಕಾಗದದ ಮೇಲೆ ಕಾಣುತ್ತದೆ, ಆದರೆ ಒಂದು ಕಡೆ ಸ್ವಲ್ಪ ತಡವಾದರೂ ಮುಂದಿನದೆಲ್ಲ ಕೈತಪ್ಪುತ್ತದೆ, ಮತ್ತೆ ಸಂಜೆ ಮೇಲೆ ಹ್ಯಾವ್‌ಲಾಕ್‌ಗೆ ದೋಣಿ ಇರುವುದಿಲ್ಲ. ಮೊದಲ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಮಲಗಿ. ಆ ಮಧ್ಯಾಹ್ನ ಸೆಲ್ಯುಲಾರ್ ಜೈಲು ನೋಡಿ, ಅದು ವ್ಯರ್ಥ ದಿನ ಅಲ್ಲವೇ ಅಲ್ಲ. 1896ರಲ್ಲಿ ಕಟ್ಟೋಕೆ ಶುರು ಮಾಡಿ 1906ರಲ್ಲಿ ಮುಗಿಸಿದ ಜೈಲು, ಏಳು ಸಾಲುಗಳಲ್ಲಿ ಈಗ ಮೂರು ಉಳಿದಿವೆ. ಆ ಸಣ್ಣ ಕೋಣೆಗಳ ಮುಂದೆ ನಿಂತಾಗ ನಮ್ಮ ಐವರಲ್ಲಿ ಯಾರೂ ಮಾತಾಡಲಿಲ್ಲ.

ಹೆಸರುಗಳ ಗೊಂದಲವನ್ನು ಮನೆಯಲ್ಲೇ ಬಗೆಹರಿಸಿಕೊಳ್ಳಿ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಅಂತ ಹೆಸರಿಟ್ಟರು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು. ಟಿಕೆಟ್‌ನಲ್ಲಿ ಒಂದು ಹೆಸರು, ರೂಮಿನ ಬುಕಿಂಗ್‌ನಲ್ಲಿ ಇನ್ನೊಂದು, ಆಟೋದವರ ಬಾಯಲ್ಲಿ ಹಳೆಯದು. ಸ್ವರಾಜ್, ಶಹೀದ್ ಎರಡನ್ನೂ ಅದಲು ಬದಲು ಮಾಡಿ ಬುಕ್ ಮಾಡಿದರೆ ದೋಣಿ ಒಂದು ದ್ವೀಪಕ್ಕೆ, ರೂಮು ಇನ್ನೊಂದು ದ್ವೀಪದಲ್ಲಿ ಆಗುತ್ತದೆ. ಒಂದು ಚೀಟಿಯಲ್ಲಿ ಹಳೆ ಹೆಸರು, ಹೊಸ ಹೆಸರು ಎರಡೂ ಬರೆದು ಎಲ್ಲರ ಮೊಬೈಲಿಗೂ ಫೋಟೋ ಕಳಿಸಿ.

ಏರ್‌ಪೋರ್ಟ್ ವಿಷಯದಲ್ಲಿ ಚಿಕ್ಕಬಳ್ಳಾಪುರದವರು ಪುಣ್ಯವಂತರು. ದೇವನಹಳ್ಳಿ ಹೈವೇ ಹಿಡಿದರೆ ಬೆಂಗಳೂರಿನ ಟ್ರಾಫಿಕ್ ಮುಟ್ಟದೆ ಹೋಗಬಹುದು. ಆದರೆ ಹತ್ತಿರ ಇದೆ ಅಂತಲೇ ತಡ ಮಾಡುತ್ತೇವೆ. ಆರು ಗಂಟೆಯ ವಿಮಾನ ಅಂದರೆ ನಾಲ್ಕಕ್ಕೆ ಒಳಗಿರಬೇಕು, ಅಂದರೆ ಮೂರಕ್ಕೆ ಮನೆ ಬಿಡಬೇಕು. ಒಬ್ಬೊಬ್ಬರನ್ನೇ ಅವರವರ ಊರಿನಿಂದ ಹತ್ತಿಸಿಕೊಂಡು ಹೋಗುವ ಪ್ಲಾನ್ ಬೇಡ. ಹಿಂದಿನ ರಾತ್ರಿ ಎಲ್ಲರೂ ಒಬ್ಬಳ ಮನೆಯಲ್ಲೇ ಮಲಗಿ, ನಿದ್ದೆ ಅಂತೂ ಬರಲ್ಲ, ಮಾತಾಡುತ್ತಾ ಚಾಪೆ ಮೇಲೆ ಉರುಳಾಡಿದರೂ ಸಾಕು. ಒಂದನೇ ಟರ್ಮಿನಲ್ಲೋ ಎರಡನೆಯದೋ ಅಂತ ಟಿಕೆಟ್ ನೋಡಿ ಡ್ರೈವರ್‌ಗೆ ರಾತ್ರಿಯೇ ಹೇಳಿ.

ತಿಂಡಿ ಕಟ್ಟಿಕೊಳ್ಳಿ. ನಿಪ್ಪಟ್ಟು, ಕೋಡುಬಳೆ, ಹುರಿಗಾಳು, ಚಟ್ನಿಪುಡಿ ಎಲ್ಲ ಚೆನ್ನಾಗಿ ಹೋಗುತ್ತವೆ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ. ಒಣಕೊಬ್ಬರಿಯನ್ನಂತೂ ಮನೆಯಲ್ಲೇ ಬಿಡಿ, ಎಣ್ಣೆ ಜಾಸ್ತಿ ಇರುವುದರಿಂದ ಬೇಗ ಹೊತ್ತಿಕೊಳ್ಳುವ ವಸ್ತು ಅಂತ ತಡೆಯುತ್ತಾರೆ. ನಮ್ಮ ತಿಪಟೂರಿನ ಗೆಳತಿ ಅಕ್ಕರೆಯಿಂದ ತಂದಿದ್ದ ಕೊಬ್ಬರಿಯನ್ನು ಮೊದಲ ಸಲ ಅಲ್ಲೇ ಬಿಟ್ಟು ಹೋಗಬೇಕಾಯಿತು, ಅವಳ ಮುಖ ಸಪ್ಪೆಯಾಗಿತ್ತು. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, ದೊಡ್ಡ ಬ್ಯಾಗಿಗೆ ಹಾಕಬಾರದು.

ಈ ಕೈಚೀಲದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹ್ಯಾವ್‌ಲಾಕ್‌ನಲ್ಲಿ ನೀವು ಬೆಳಿಗ್ಗೆ ಇಳಿಯುತ್ತೀರಿ, ರೂಮು ಕೊಡುವುದು ಹನ್ನೆರಡಕ್ಕೋ ಒಂದಕ್ಕೋ. ನಡುವೆ ಎರಡು ಮೂರು ಗಂಟೆ ದೊಡ್ಡ ಬ್ಯಾಗು ರಿಸೆಪ್ಶನ್‌ನಲ್ಲಿ ಬಿದ್ದಿರುತ್ತದೆ. ಅದಕ್ಕೆ ಒಂದು ಜೊತೆ ಬಟ್ಟೆ, ಟವೆಲ್ಲು, ಬಿಪಿ ಶುಗರ್ ಮಾತ್ರೆ, ಚಾರ್ಜರ್, ಪ್ಯಾಡು, ನೀರು, ಒಂದಿಷ್ಟು ಪ್ಲಾಸ್ಟಿಕ್ ಕವರು ಎಲ್ಲ ಕೈಚೀಲದಲ್ಲೇ ಇರಲಿ. ಶೂ ಬೇಡ, ನೀರಲ್ಲಿ ನೆನೆದರೂ ತೊಂದರೆ ಇಲ್ಲದ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಿ.

ದೋಣಿ ಎರಡು ಥರ. ಸರ್ಕಾರಿ ದೋಣಿ ಫೀನಿಕ್ಸ್ ಬೇ ಜೆಟ್ಟಿಯಿಂದ, ಖಾಸಗಿ ದೋಣಿಗಳು ಹ್ಯಾಡೋ ಕಡೆಯಿಂದ. ಆಟೋದವರಿಗೆ ಸುಮ್ನೆ ಜೆಟ್ಟಿ ಅಂದರೆ ಆಗಲ್ಲ, ಯಾವುದು ಅಂತ ಬಿಡಿಸಿ ಹೇಳಿ. ಖಾಸಗಿಯದು ಒಂದೂವರೆ ಗಂಟೆ ಆಸುಪಾಸಿನಲ್ಲಿ ಮುಟ್ಟುತ್ತದೆ, ಒಳಗೆ ಏಸಿ, ಸೀಟು ನಂಬರ್ ಎಲ್ಲ ಇರುತ್ತದೆ. ಸರ್ಕಾರಿಯದು ನಿಧಾನ, ದರ ಕಡಿಮೆ, ಆದರೆ ಅದು ಮೊದಲು ದ್ವೀಪದ ಜನಕ್ಕೆ. ಆಸ್ಪತ್ರೆಗೆ, ಸಂತೆಗೆ ಹೋಗಿಬರುವವರು ಅದರಲ್ಲೇ ಓಡಾಡುತ್ತಾರೆ, ನಮಗೆ ಕೈಯಲ್ಲಿ ದುಡ್ಡಿದ್ದರೆ ಆ ಸೀಟು ಅವರಿಗೆ ಬಿಡುವುದೇ ಸರಿ ಅಂತ ನನ್ನ ಅಭಿಪ್ರಾಯ. ಯಾವುದೇ ಆಗಲಿ ಒಂದು ಗಂಟೆ ಮೊದಲೇ ಹೋಗಿ. ಭಾರತೀಯರಿಗೆ ಹ್ಯಾವ್‌ಲಾಕ್‌ಗೆ ಪರ್ಮಿಟ್ ಬೇಡ, ಆದರೆ ಒರಿಜಿನಲ್ ಗುರುತಿನ ಚೀಟಿ ಬೇಕೇ ಬೇಕು. ಬ್ಯಾಗುಗಳನ್ನೆಲ್ಲ ಒಂದು ಕಡೆ ರಾಶಿ ಹಾಕುತ್ತಾರೆ, ಎಲ್ಲ ಕಪ್ಪು ಬ್ಯಾಗೇ, ಹಿಡಿಗೆ ಒಂದು ಕೆಂಪು ರಿಬ್ಬನ್ ಕಟ್ಟಿರಿ.

ನಾವು ಬಯಲುಸೀಮೆಯವರು. ಕಂದವಾರ ಕೆರೆ ತುಂಬಿದ್ದನ್ನು ನೋಡಿಯೇ ಖುಷಿಪಟ್ಟವರು. ಸಮುದ್ರದ ಮೇಲೆ ದೋಣಿ ಓಲಾಡಿದಾಗ ಹೊಟ್ಟೆ ತೊಳಸುವುದು ಸಹಜ. ವಾಂತಿ ಮಾತ್ರೆಯನ್ನು ಊರಲ್ಲೇ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ, ಬೇರೆ ಮಾತ್ರೆ ನುಂಗುವವರು ಅದನ್ನೂ ಹೇಳಿ ಕೇಳಿ. ದೋಣಿ ಹತ್ತುವ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ಪೂರಿಯೂ ಬೇಡ, ಎರಡು ಇಡ್ಲಿ ಸಾಕು. ಸೀಟು ಆರಿಸಿಕೊಳ್ಳುವ ಅವಕಾಶ ಇದ್ದರೆ ದೋಣಿಯ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೂತುಕೊಳ್ಳಿ, ಅಲ್ಲಿ ಓಲಾಟ ಕಡಿಮೆ. ಮೊಬೈಲ್ ಒಳಗಿಟ್ಟು ದೂರದಲ್ಲಿ ನೀರು ಆಕಾಶ ಸೇರುವ ಗೆರೆ ನೋಡುತ್ತಾ ಇರಿ. ಹುಷಾರಿಲ್ಲದವಳ ಪಕ್ಕದಲ್ಲಿ ಗಟ್ಟಿಗಿತ್ತಿ ಒಬ್ಬಳು ಕೂರಲಿ.

ಈಗ ರೂಮಿನ ವಿಷಯ. ಬುಕಿಂಗ್ ಮೆಸೇಜ್ ಬಂತು ಅಂತ ನಂಬಿಕೊಂಡು ಕೂರಬೇಡಿ. ಎರಡನೇ ಸಲ ಹೊರಡುವ ಎರಡು ದಿನ ಮೊದಲು ನಾನು ಫೋನ್ ಮಾಡಿದೆ, ಮೂರು ರೂಮು ಬುಕ್ ಮಾಡಿದ್ದರೂ ಅವರ ಪುಸ್ತಕದಲ್ಲಿ ಎರಡೇ ಇತ್ತು. ಇಲ್ಲಿಂದಲೇ ಗೊತ್ತಾಗಿದ್ದರಿಂದ ಸರಿಯಾಯಿತು, ಅಲ್ಲಿ ಹೋಗಿ ನಿಂತ ಮೇಲೆ ಗೊತ್ತಾಗಿದ್ದರೆ ಏನು ಗತಿ? ಫೋನಿನಲ್ಲಿ ಇಷ್ಟನ್ನು ಕೇಳಿ. ಎಷ್ಟು ರೂಮು, ಯಾವ ತಾರೀಕಿಗೆ. ಎಷ್ಟು ಗಂಟೆಗೆ ಕೊಡುತ್ತೀರಿ, ಎಷ್ಟಕ್ಕೆ ಖಾಲಿ ಮಾಡಬೇಕು. ಹೆಚ್ಚುವರಿ ಹಾಸಿಗೆ ಅಂದರೆ ಮಂಚವೋ ನೆಲದ ಮೇಲಿನ ಹಾಸಿಗೆಯೋ. ಮಂಡಿ ನೋವಿನವರಿಗೆ ಕೆಳಗಿನ ರೂಮು ಸಿಗುತ್ತದಾ. ಜೆಟ್ಟಿಗೆ ಗಾಡಿ ಕಳಿಸುತ್ತೀರಾ, ಅದಕ್ಕೆಷ್ಟು. ಅವರು ಹೇಳಿದ್ದನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ ಅಂತ ಕೇಳಿಕೊಳ್ಳಿ.

ಯಾರು ಯಾರ ಜೊತೆ ಮಲಗುವುದು ಅನ್ನೋದನ್ನು ಊರಲ್ಲೇ ತೀರ್ಮಾನ ಮಾಡಿ. ಇದು ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಸುಸ್ತಾಗಿ ರಿಸೆಪ್ಶನ್ ಮುಂದೆ ನಿಂತಾಗ ಇದೇ ಮನಸ್ತಾಪಕ್ಕೆ ದಾರಿ. ಗೊರಕೆಯವರು ಒಂದು ಕಡೆ, ಬೇಗ ಏಳುವವರು ಒಂದು ಕಡೆ, ಒಬ್ಬಳೇ ಮಲಗಬೇಕು ಅನ್ನುವವಳಿದ್ದರೆ ಅವಳಿಗೆ ಬೇರೆ ರೂಮು, ಅದರ ದುಡ್ಡಿನ ಲೆಕ್ಕವೂ ಅಲ್ಲೇ ಮುಗಿಯಲಿ. ಖರ್ಚಿಗೆ ಒಂದೇ ಪರ್ಸು ಇಡಿ. ನಾವು ತಲಾ ಮೂರು ಸಾವಿರ ಹಾಕಿ ಒಬ್ಬಳ ಕೈಗೆ ಕೊಟ್ಟೆವು, ಆಟೋ, ಟೀ, ಎಳನೀರು, ಊಟ ಎಲ್ಲ ಅದರಿಂದಲೇ. ಎಲ್ಲ ನೋಟೇ ಇರಲಿ, ಹ್ಯಾವ್‌ಲಾಕ್‌ನಲ್ಲಿ ಎಟಿಎಂ ಕಡಿಮೆ, ನೆಟ್‌ವರ್ಕ್ ಕೈಕೊಟ್ಟರೆ ಫೋನ್‌ಪೇ ಓಡಲ್ಲ.

ಜೆಟ್ಟಿಯಲ್ಲಿ ಇಳಿದ ತಕ್ಷಣ ಎಣಿಸಿ, ಮೊದಲು ಜನ, ಆಮೇಲೆ ಬ್ಯಾಗು. ಅಲ್ಲಿ ಬೀಚುಗಳನ್ನು ನಂಬರಿನಿಂದ ಕರೆಯುತ್ತಾರೆ: ಮೂರು ಅಂದರೆ ಗೋವಿಂದನಗರ, ಐದು ವಿಜಯನಗರ, ಏಳು ರಾಧಾನಗರ. ತಂಗುವ ಜಾಗಗಳು ಹೆಚ್ಚಾಗಿ ಮೂರು ಮತ್ತು ಐದರ ಕಡೆ ಇವೆ. ರೂಮಿಗೆ ಹೋದಾಗ ಎಲ್ಲರ ಆಧಾರ್ ಕೇಳುತ್ತಾರೆ, ಜೆರಾಕ್ಸ್‌ಗಳು ಒಂದೇ ಕವರಿನಲ್ಲಿರಲಿ. ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕೊಡುವುದು ಒಳ್ಳೆಯದು. ಸಹಿ ಹಾಕಿ ಕೀ ತೆಗೆದುಕೊಂಡ ಮೇಲೆ ಬ್ಯಾಗು ಬಿಚ್ಚುವ ಮೊದಲು ಐದು ನಿಮಿಷ ರೂಮು ನೋಡಿ. ಬಾಗಿಲ ಚಿಲಕ, ಕಿಟಕಿ, ಫ್ಲಶ್, ಏಸಿ, ಬಿಸಿನೀರು. ಏನಾದರೂ ಮುರಿದಿದ್ದರೆ ಆಗಲೇ ಫೋಟೋ ತೆಗೆದು ತೋರಿಸಿ. ಬದಲಾಯಿಸಬೇಕಿದ್ದರೆ ಬೆಳಕಿರುವಾಗಲೇ ಕೇಳಬೇಕು, ರಾತ್ರಿ ಕೇಳಿದರೆ ಬೇರೆ ರೂಮು ಖಾಲಿ ಇರಲ್ಲ.

ಊಟ ಮಾಡಿ ಒಂದು ಗಂಟೆ ಕಾಲು ಚಾಚಿ ಮಲಗಿ. ಮೂರಕ್ಕೆಲ್ಲ ಗಾಡಿ ಹತ್ತಿ ರಾಧಾನಗರಕ್ಕೆ ಹೊರಡಿ, ಜೆಟ್ಟಿ ಕಡೆಯಿಂದ ಹತ್ತು ಹನ್ನೆರಡು ಕಿಲೋಮೀಟರ್. ಪಡುವಣ ದಿಕ್ಕಿನ ಬೀಚು ಅದು, ಸೂರ್ಯ ನೀರಿಗಿಳಿಯುವುದು ಪೂರ್ತಿ ಕಾಣುತ್ತದೆ. ವಾಪಸ್ ಗಾಡಿಯನ್ನು ಹೋಗುವಾಗಲೇ ಮಾತಾಡಿಕೊಳ್ಳಿ, ಕತ್ತಲಾದ ಮೇಲೆ ಅಲ್ಲಿ ಹುಡುಕುವುದು ಕಷ್ಟ. ಲೈಫ್‌ಗಾರ್ಡ್ ಹೇಳಿದ ಗಡಿ ದಾಟಬೇಡಿ, ಮೊಸಳೆ ಎಚ್ಚರಿಕೆ ಬೋರ್ಡ್ ಇರುವ ಕಡೆ ನೀರಿಗೇ ಇಳಿಯಬೇಡಿ. ಹವಳ ಒಂದು ಚೂರೂ ಎತ್ತಿಕೊಳ್ಳಬೇಡಿ, ಅದು ಕಾನೂನಿಗೆ ವಿರುದ್ಧ, ಏರ್‌ಪೋರ್ಟ್‌ನಲ್ಲೂ ಹಿಡಿಯುತ್ತಾರೆ. ಮಕ್ಕಳಿಗೆ ಅಂತ ಆಸೆ ಆಗುತ್ತದೆ, ಆದರೂ ಬೇಡ.

ಇನ್ನೊಂದು ಮಾತು ಉಳಿಯಿತು. ಊರಿಗೆ ಹೊರಡುವ ಹಿಂದಿನ ರಾತ್ರಿ ಹ್ಯಾವ್‌ಲಾಕ್‌ನಲ್ಲಿ ಇರಬೇಡಿ, ಪೋರ್ಟ್ ಬ್ಲೇರ್‌ಗೆ ಬಂದು ಮಲಗಿ. ಗಾಳಿ ಮಳೆ ಬಂದರೆ ದೋಣಿ ನಿಲ್ಲಿಸಿಬಿಡುತ್ತಾರೆ, ವಿಮಾನ ನಿಮಗಾಗಿ ಕಾಯಲ್ಲ. ವಾಪಸ್ ದೋಣಿ ಬೆಳಗಿನದಾದರೆ ತಿಂಡಿ ಕಟ್ಟಿಕೊಡಿ ಅಂತ ಹಿಂದಿನ ರಾತ್ರಿಯೇ ಹೇಳಿಡಿ. ಮೂರು, ಐದರ ಕಡೆ ರೂಮು ಮಾಡಿದವರು ಒಂದು ದಿನವಾದರೂ ಐದೂವರೆಗೆ ಅಲಾರಂ ಇಡಿ, ಅದು ಮೂಡಣ ತೀರ, ಬಾಗಿಲು ತೆಗೆದು ನಾಲ್ಕು ಹೆಜ್ಜೆ ಹಾಕಿದರೆ ಸೂರ್ಯ ನೀರಿನಿಂದ ಏಳುವುದು ಕಾಣುತ್ತದೆ. ಫ್ಲಾಸ್ಕ್‌ನಲ್ಲಿ ಟೀ ತುಂಬಿಸಿಕೊಂಡು ಐದೂ ಜನ ಒಟ್ಟಿಗೇ ಹೋಗಿ.