ಹುಟ್ಟುಹಬ್ಬದ ವೇಷಕ್ಕೆ ಅಡಿಕೆ ಹಾಳೆಯ ಕಿರೀಟ

ಮಗಳ 6ನೆಯ ಹುಟ್ಟುಹಬ್ಬಕ್ಕೆ ಕೆಳದಿ ಚೆನ್ನಮ್ಮನ ವೇಷ ಸಿದ್ಧಪಡಿಸುವಾಗ ಮೊದಲು ರಟ್ಟಿನ ಕಿರೀಟ ಮಾಡಿದ್ದೆ. ಆದರೆ ನಮ್ಮ ಮಲೆನಾಡಿನ ಆಷಾಢದ ತೇವಕ್ಕೆ ಅದು ಒಂದೇ ರಾತ್ರಿಯಲ್ಲಿ ಮೆತ್ತಗಾಗಿ ಬಾಗಿಹೋಯಿತು. ಆಗ ತೋಟದಲ್ಲಿ ಬಿದ್ದಿದ್ದ ಅಡಿಕೆ ಹಾಳೆ ನೆರವಿಗೆ ಬಂತು.

ಕಪ್ಪು ಕಲೆಯಿಲ್ಲದ ಹಾಳೆಯನ್ನು ತೊಳೆದು, ಚರ್ಮದಂತೆ ಮೆದುವಾಗುವವರೆಗೆ ನೀರಿನಲ್ಲಿ ನೆನೆಸಿರಿ. ನಾರು ಮೇಲಿನಿಂದ ಕೆಳಕ್ಕೆ ಬರುವಂತೆಯೇ ಕತ್ತರಿಸಬೇಕು, ಏಕೆಂದರೆ ಹಾಳೆ ತನ್ನ ಸಹಜ ಬಾಗಿನ ಕಡೆಗೆ ಸುಲಭವಾಗಿ ಮಣಿಯುತ್ತದೆ, ವಿರುದ್ಧವಾಗಿ ಬಾಗಿಸಿದರೆ ಮುರಿಯುತ್ತದೆ. ಮುಂದಿನ ಹಾಗೂ ಹಿಂದಿನ ಎರಡು ತುಂಡುಗಳನ್ನು ಮಗುವಿನ ತಲೆಯಷ್ಟೇ ದಪ್ಪದ ಪಾತ್ರೆಗೆ ಬಟ್ಟೆಯಿಂದ ಕಟ್ಟಿ ನೆರಳಿನಲ್ಲಿ ಒಣಗಿಸಿರಿ. ಮಳೆಗಾಲವಾದರೆ ಒಲೆಯಿಂದ ತುಸು ದೂರದ ಬೆಚ್ಚನೆಯ ಜಾಗ ಉತ್ತಮ. ಪೂರ್ತಿ ಒಣಗದಿದ್ದರೆ ಬೂಷ್ಟು ಹಿಡಿಯುವುದು ಖಚಿತ. ಹಾಳೆಯ ನುಣುಪಾದ ಒಳಮೈಯನ್ನು ಹೊರಗೆ ತರಲು ಪ್ರಯತ್ನಿಸಬೇಡಿ, ಬಣ್ಣವನ್ನು ಹೊರಮೈಗೇ ಬಳಿಯಿರಿ.

ಅಂಚು ಹಣೆಗೆ ಒತ್ತದಂತೆ ಒಳಗೆ ಹತ್ತಿಬಟ್ಟೆಯ ಪಟ್ಟಿ ಹೊಲಿಯಿರಿ. ಗದ್ದದ ಕೆಳಗೆ ದಾರ ಕಟ್ಟುವುದು ಬೇಡವೇ ಬೇಡ. ಹಿಂಬದಿಗೆ ವೆಲ್ಕ್ರೋ ಇದ್ದರೆ ಎಳೆದೊಡನೆ ಬಿಚ್ಚಿಕೊಳ್ಳುತ್ತದೆ. ಅಜ್ಜಿಯ ಹಳೆಯ ಹತ್ತಿ ಸೀರೆಯ ಅಂಚು ಉಡುಪಿಗೆ ಸಾಕು. ಮೇಣದಬತ್ತಿ ಆರಿಸುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿರಿ. ಮೂರು ವರ್ಷದೊಳಗಿನ ಮಕ್ಕಳು ಬರುವುದಾದರೆ ಮಣಿಗಳ ಬದಲು ಬಣ್ಣದ ಚುಕ್ಕೆಗಳನ್ನೇ ಇಡಿ.