ರೆಪ್ಲಿಕಾ ಕಾರಿಗೆ ಕ್ಯಾಲಿಫೋರ್ನಿಯಾ ನಂಬರ್ ಪ್ಲೇಟ್ ಸಿಕ್ಕಿದ್ದು ಹೀಗೆ

ಬಿಡಿಭಾಗಗಳ ಕಿಟ್ ತರಿಸಿ ಗ್ಯಾರೇಜಿನಲ್ಲಿ ನಾನೇ ಜೋಡಿಸಿದ ಕೋಬ್ರಾ ರೆಪ್ಲಿಕಾ, ಅಂದರೆ 1960ರ ದಶಕದ ಕೋಬ್ರಾ ಸ್ಪೋರ್ಟ್ಸ್ ಕಾರಿನ ನಕಲು. ಹಳೆಯ ರಾಜ್ಯದವರು ಟೈಟಲ್‌ನಲ್ಲಿ (ಮಾಲೀಕತ್ವದ ಪತ್ರ) ವರ್ಷ '1965' ಅಂತ ಹಾಕಿಕೊಟ್ಟಿದ್ದರು, ನಾನೂ ತೆಪ್ಪಗಿದ್ದೆ. ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಅದೇ ಎಡವಟ್ಟಾಯಿತು. "ಇದು 1965ರಲ್ಲಿ ತಯಾರಾದ ಕಾರಲ್ಲವಲ್ಲ?" ಎಂದು ವಾಹನ ನೋಂದಣಿ ಕಚೇರಿಯ ಕೌಂಟರಿನಾಕೆ ಕಾಗದ ವಾಪಸ್ ಕೊಟ್ಟರು.

ದಾರಿ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಎಸ್‌ಬಿ 100 ಕಾನೂನಿನಲ್ಲಿ. ಇದು 'ಸ್ಪೆಷಲಿ ಕನ್‌ಸ್ಟ್ರಕ್ಟೆಡ್' (ಕಾರು ಕಂಪನಿಯಲ್ಲದೆ ಬೇರೆಯವರು ಜೋಡಿಸಿದ) ವಾಹನ ಅಂತ ನಾವೇ ಒಪ್ಪಿಕೊಂಡು ಅರ್ಜಿ ಹಾಕಬೇಕು. ವರ್ಷಕ್ಕೆ 500 ಕಾರಿಗೆ ಮಾತ್ರ ಅವಕಾಶ; ಅದಕ್ಕೇ ಜನವರಿಯ ಮೊದಲ ಕೆಲಸದ ದಿನವೇ ಹೋಗಿ ನಿಂತೆ.

ಹೆದ್ದಾರಿ ಪೊಲೀಸರ ತಪಾಸಣೆಯಲ್ಲಿ ಬೆವರಿಳಿಯಿತು. ಚಾಸಿ ನಂಬರ್ ಮೇಲೆ ನಾನೇ ದಪ್ಪಗೆ ಪೇಂಟ್ ಬಳಿದಿದ್ದೆ! ಟಾರ್ಚ್ ಹಿಡಿದರೂ 3 ಯಾವುದು, 8 ಯಾವುದು ತಿಳಿಯದು. ಮನೆಗೆ ಬಂದು ಬಟ್ಟೆಗೆ ಥಿನ್ನರ್ ಹಚ್ಚಿ ಮೆಲ್ಲಗೆ ಉಜ್ಜಿದೆ. ಎರಡನೇ ಸಲ ಕಿಟ್ ಕಂಪನಿಯ ಮೂಲಪತ್ರ, ಎಂಜಿನ್, ಗೇರ್‌ಬಾಕ್ಸ್ ರಸೀದಿ ಎಲ್ಲ ಒಯ್ದೆ. ಪಾಸ್.

ಕೊನೆಗೆ ಸ್ಮಾಗ್ ರೆಫರಿ (ಹೊಗೆ ನಿಯಮಗಳ ಪರಿಶೀಲಕ) ಬಾಡಿಯ ಹೋಲಿಕೆ ನೋಡಿ ಬರೆದ ಮಾಡೆಲ್ ವರ್ಷ? 1965! 1975 ಮತ್ತು ಅದಕ್ಕೂ ಹಳೆಯವಕ್ಕೆ ಹೊಗೆ ಪರೀಕ್ಷೆಯೂ ಇಲ್ಲ.